ಉತ್ತರಕ್ಕೂ ಒಂದು ಬಾಗಿಲು

ಪ್ರಶ್ನೆ: ಬ್ರಿಟನ್ನಿನ ಉತ್ತರ ಗಡಿಯಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಮೈಲಿಕೋಟೆಗಳಲ್ಲಿ ಎಷ್ಟು ಸೈನಿಕರು ನಿಂತು ಶತ್ರುಗಳೊಡನೆ ಹೋರಾಡುತ್ತಿದ್ದರು?

ಸಂಖ್ಯೆಯನ್ನು ಮೊದಲು ಹೇಳಿಬಿಡುತ್ತೇನೆ: ಒಂದೊಂದರಲ್ಲಿ 8ರಿಂದ 32 ಜನ ಎಂಬುದು ವಿದ್ವಾಂಸರ ಅಂದಾಜು. ಇನ್ನು ‘ಹೋರಾಟ’. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ, ನನಗೇ ಲೆಕ್ಕ ತಪ್ಪಿದೆ. ಗೋಡೆಯ ಮೇಲೆ ಸಾಲುಗಟ್ಟಿದ ಸೈನಿಕರು, ಕೆಳಗೆ ಏಣಿ ಹಚ್ಚುವ ಶತ್ರುಗಳು, ಅವರ ತಲೆಗೆ ಕಾದ ಎಣ್ಣೆ! ಸಿನಿಮಾದಿಂದ ಕಲಿತ ಇತಿಹಾಸವಿದು.

ಸ್ವಲ್ಪ ಗಣಿತ ಮಾಡಿ. ಕ್ರಿ.ಶ. 122ರ ಸುಮಾರಿಗೆ ಆರಂಭವಾದ ಈ ಗೋಡೆಯ ಉದ್ದ 80 ರೋಮನ್ ಮೈಲಿ, ಅಂದರೆ ಸುಮಾರು 117 ಕಿ.ಮೀ. ಮೈಲಿಗೊಂದು ಪುಟ್ಟ ಕೋಟೆ, ನಡುನಡುವೆ ಎರಡೆರಡು ಗೋಪುರ. ಒಂದೂವರೆ ಕಿಲೋಮೀಟರಿಗೆ ಇಷ್ಟೇ ಜನರನ್ನಿಟ್ಟುಕೊಂಡು ಯಾವ ದಂಡನ್ನು ತಡೆಯುತ್ತೀರಿ? ಗೋಡೆಯ ನೆತ್ತಿಯಲ್ಲಿ ನಡೆದಾಡುವ ದಾರಿ ಇತ್ತೇ ಎಂಬುದೇ ಇನ್ನೂ ಚರ್ಚೆಯಲ್ಲಿದೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬಾಗಿಲು. ಹೆಚ್ಚುಕಡಿಮೆ ಪ್ರತಿ ಮೈಲಿಕೋಟೆಗೂ ದಕ್ಷಿಣಕ್ಕೊಂದು ಹೆಬ್ಬಾಗಿಲು, ಉತ್ತರಕ್ಕೊಂದು. ಶತ್ರುವನ್ನು ಹೊರಗಿಡಲೆಂದೇ ಕಟ್ಟಿದವರು ಅವನ ಕಡೆಗೇ 80 ಬಾಗಿಲು ಇಡುತ್ತಾರೆಯೇ? ಬಂದುಹೋಗುವವರನ್ನು ನಿಲ್ಲಿಸಿ ವಿಚಾರಿಸುವ ಚೆಕ್‌ಪೋಸ್ಟ್ ಇದು. ದಂಡೆತ್ತಿ ಬಂದವರನ್ನು ನೋಡಿಕೊಳ್ಳಲು ದೊಡ್ಡ ಕೋಟೆಗಳಲ್ಲಿ 500, 1000 ಜನರ ತುಕಡಿಗಳಿದ್ದವು. ಅವು ಹೊರಟು ಬಯಲಿನಲ್ಲಿ ಕಾದುತ್ತಿದ್ದವು.

ಹಾಗೆಂದು ಎಲ್ಲ ಬಾಗಿಲುಗಳಿಗೂ ಉಪಯೋಗವಿತ್ತೆಂದು ಭಾವಿಸಬೇಡಿ. ಹೌಸ್‌ಸ್ಟೆಡ್ಸ್ ಎಂಬ ದೊಡ್ಡ ಕೋಟೆಯ ಬಳಿಯ 37ನೆಯ ಮೈಲಿಕೋಟೆಯಲ್ಲಿ ಉತ್ತರ ಬಾಗಿಲಿನ ಕಮಾನಿನ ಬುಡದ ಕಲ್ಲುಗಳು ಇಂದಿಗೂ ನಿಂತಿವೆ. ಹೊಸ್ತಿಲು ದಾಟಿದರೆ ಕಡಿದಾದ ಇಳಿಜಾರು. ಗಾಡಿ ಹೊರಟರೆ ಎತ್ತಿನ ಸಮೇತ ಉರುಳಬೇಕು. ನಕ್ಷೆಯಲ್ಲಿ ಬಾಗಿಲಿತ್ತು, ಇಟ್ಟರು. ಸರ್ಕಾರಿ ಕಾಮಗಾರಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಇವರು ಉಣ್ಣುತ್ತಿದ್ದುದು ಏನು? 48ನೆಯ ಮೈಲಿಕೋಟೆಯಾದ ಪೋಲ್ಟ್ರಾಸ್ ಬರ್ನ್‌ನ ಮೂಲೆಯಲ್ಲಿ ರೊಟ್ಟಿ ಸುಡುವ ಒಲೆಯ ಅವಶೇಷವಿದೆ. ಅದಕ್ಕಿಂತ ರುಚಿಕರವಾದ ಸಾಕ್ಷಿ ಗೋಡೆಯ ತುಸು ದಕ್ಷಿಣಕ್ಕಿರುವ, ಅದಕ್ಕಿಂತ ಹಳೆಯದಾದ ವಿಂಡೋಲ್ಯಾಂಡಾ ಕೋಟೆಯಲ್ಲಿ ಸಿಕ್ಕಿತು. ಅಲ್ಲಿ 1973ರಿಂದ ದೊರೆತ, ಮಸಿಯಲ್ಲಿ ಬರೆದ ತೆಳು ಮರದ ಹಲಗೆಗಳ ಪೈಕಿ ಒಂದರಲ್ಲಿ ಸೈನಿಕರ ಹೆಸರುಗಳೂ ಅವರು ಕೊಂಡ ಸಾಮಾನಿನ ಬೆಲೆಗಳೂ ಇವೆ. ಗಂಬಾಕ್ಸ್ ಎಂಬವನ ಹೆಸರಿನ ಮುಂದೆ ಬರೆದಿರುವುದು ಕಾಳುಮೆಣಸು, 2 ದೆನಾರಿಯಸ್ (ರೋಮನ್ ಬೆಳ್ಳಿ ನಾಣ್ಯ). ಗೋಡೆ ಏಳುವುದಕ್ಕೂ ಮೊದಲೇ ನಮ್ಮ ಪಶ್ಚಿಮ ಕರಾವಳಿಯ ಕಡೆಯ ಸರಕು ಬ್ರಿಟನ್ನಿನ ಆ ಚಳಿಗೆ ತಲುಪಿತ್ತು.