ನೀರು ಕುಡಿದ ಹಸಿರು ಕಲ್ಲು

ಸರ್ಪೆಂಟಿನೈಟ್ ಅನ್ನೋ ಹಸಿರು ಕಲ್ಲಿನ ಹೆಸರಲ್ಲೇ ನಮ್ಮ 'ಸರ್ಪ' ಕೂತಿದೆ, ಲ್ಯಾಟಿನ್ನಿನ ಸರ್ಪೆನ್ಸ್, ಸಂಸ್ಕೃತದ ಸರ್ಪ ಎರಡೂ ಒಂದೇ ಬೇರಿನ ಪದಗಳು. ಮೈಮೇಲೆ ಹಾವಿನ ಥರ ಗೆರೆ, ಮಚ್ಚೆ ಇರುತ್ತೆ, ಅಷ್ಟಕ್ಕೇ ಹಳೇ ಯುರೋಪಿನ ಜನ ಇದು ಹಾವು ಕಚ್ಚಿದ್ದಕ್ಕೆ ಮದ್ದು ಅಂತ ನಂಬಿಬಿಟ್ರು. ದಯವಿಟ್ಟು ನಂಬಬೇಡಿ, ಕಲ್ಲು ವಿಷ ಎಳೆಯಲ್ಲ, ಹಾವು ಕಚ್ಚಿದ್ರೆ ಬೇಕಾಗಿರೋದು ಆಸ್ಪತ್ರೆ ಮತ್ತೆ ಆಂಟಿವೆನಮ್. ಈ ಕಲ್ಲು ನಿಜವಾಗ್ಲೂ ಎಳ್ಕೊಳ್ಳೋದು ನೀರನ್ನ, ಅದರ ಕಥೆ ಎಷ್ಟು ಚೆಂದ ಇದೆ ಗೊತ್ತಾ!

ಮ್ಯಾಂಟಲ್ ಅಂದ್ರೆ ಭೂಮಿಯ ಹೊರಪದರದ ಕೆಳಗಿರೋ ದಪ್ಪ ಪದರ, ಅಲ್ಲಿನ ಪೆರಿಡೊಟೈಟ್ ಕಲ್ಲಲ್ಲಿ ಹೆಚ್ಚಿನ ಪಾಲು ಆಲಿವೀನ್ ಖನಿಜ. ಸಮುದ್ರದ ತಳ ಬಿರುಕು ಬಿಟ್ಟ ಕಡೆ ನೀರು ಒಳಗಿಳಿದು, ನೂರಾರು ಡಿಗ್ರಿ ಬಿಸಿಯಲ್ಲಿ ಆಲಿವೀನ್ ಜೊತೆ ಸೇರಿ ಸರ್ಪೆಂಟೈನ್ ಅನ್ನೋ ಖನಿಜ ಆಗುತ್ತೆ, ಅದರಿಂದಾದ ಕಲ್ಲೇ ಸರ್ಪೆಂಟಿನೈಟ್. ಸ್ಪಂಜು ನೀರು ಹೀರಿದ ಹಾಗೆ ಅಂದ್ಕೋಬೇಡಿ, ಹಿಂಡಿದ್ರೆ ಒಂದು ಹನಿ ಬರಲ್ಲ. ಸಿಮೆಂಟ್ ನೋಡಿ, ನೀರು ಆರಿಹೋಗಿ ಅದು ಗಟ್ಟಿಯಾಗುತ್ತೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಆದ್ರೆ ನೀರು ಅದರ ಹರಳಿನೊಳಗೇ ಸೇರ್ಕೊಂಡು ಗಟ್ಟಿಯಾಗೋದು, ಆಗ ಮೈ ಬಿಸಿನೂ ಆಗುತ್ತೆ. ಇಲ್ಲೂ ಹಂಗೇ, ಶಾಖ ಹೊರಗೆ ಬರುತ್ತೆ, ಕೊನೆಗೆ ಸರ್ಪೆಂಟೈನ್ ತೂಕದಲ್ಲಿ ಸುಮಾರು 13 ಪರ್ಸೆಂಟ್ ನೀರೇ ಇರುತ್ತೆ! ನೀರಿಗಿಂತ 3.3 ಪಟ್ಟು ಭಾರ ಇದ್ದ ಕಲ್ಲು 2.6 ಪಟ್ಟಿನ ಹತ್ರ ಇಳಿಯುತ್ತೆ, ಅಂದ್ರೆ ಉಬ್ಬುತ್ತೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಕೊಳ್ಳುತ್ತಲ್ಲ, ಹಂಗೆ ಇದು ಪಕ್ಕದ ಕಲ್ಲನ್ನ ಒತ್ತಿ ಸೀಳುತ್ತೆ, ಸೀಳಿದ ಕಡೆ ಮತ್ತೆ ನೀರು ನುಗ್ಗುತ್ತೆ, ಹೀಗೆ ತನ್ನ ಬಾಯಾರಿಕೆಗೆ ತಾನೇ ಕಾಲುವೆ ತೋಡ್ಕೊಂಡು ಹೋಗುತ್ತೆ.

ಇನ್ನು ಆಲಿವೀನಲ್ಲಿರೋ ಕಬ್ಬಿಣ. ಅದು ನೀರಿನಿಂದ ಆಕ್ಸಿಜನ್ ಕಿತ್ಕೊಂಡು ಮ್ಯಾಗ್ನೆಟೈಟ್ ಆಗುತ್ತೆ, ಒಂಥರಾ ಕಪ್ಪು ತುಕ್ಕು, ಹೈಡ್ರೋಜನ್ ಹೊರಬೀಳುತ್ತೆ. 2000ನೇ ಇಸವಿಯಲ್ಲಿ ಅಟ್ಲಾಂಟಿಕ್ ತಳದಲ್ಲಿ 'ಲಾಸ್ಟ್ ಸಿಟಿ' ಸಿಕ್ತು, 60 ಮೀಟರ್‌ವರೆಗೂ ಎದ್ದಿರೋ ಬಿಳೀ ಗೋಪುರಗಳು, ಬಿಸಿಲೇ ಕಾಣದ ಆ ಜಾಗದಲ್ಲಿ ಈ ಹೈಡ್ರೋಜನ್, ಮೀಥೇನ್ ನಂಬ್ಕೊಂಡು ಸೂಕ್ಷ್ಮಜೀವಿಗಳು ಬದುಕ್ತಿವೆ. ಜೀವ ಶುರುವಾಗಿದ್ದೇ ಇಂಥ ಕಡೆ ಇರಬಹುದು ಅಂತ ಕೆಲವು ವಿಜ್ಞಾನಿಗಳ ಊಹೆ.

ಒಂದು ತುಂಡು ಸಿಕ್ಕಿದ್ರೆ ಮದ್ದಿಗೆ ಅಂತ ಕುಟ್ಟಿ ಪುಡಿ ಮಾಡೋದು ಮಾತ್ರ ಬೇಡವೇ ಬೇಡ, ಇದರಲ್ಲಿ ಇರಬಹುದಾದ ಕ್ರೈಸೊಟೈಲ್ ಅಂದ್ರೆ ಒಂದು ಬಗೆಯ ಆಸ್ಬೆಸ್ಟಾಸ್, ಅದರ ಎಳೆ ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ತರಬಹುದು. ಸುಮ್ನೆ ಹೆಬ್ಬೆರಳಿಂದ ಸವರಿ ನೋಡಿ, ಸೋಪಿನ ಹಾಗೆ ಜಾರುತ್ತೆ. ಆಮೇಲೆ ಪುಟ್ಟ ಮ್ಯಾಗ್ನೆಟ್ ಒಂದನ್ನ ದಾರಕ್ಕೆ ಕಟ್ಟಿ ಮ್ಯಾಗ್ನೆಟೈಟ್‌ನ ಕರೀ ಚುಕ್ಕೆಗಳ ಹತ್ರ ಹಿಡೀರಿ, ನಿಧಾನಕ್ಕೆ ವಾಲಿ ಕಲ್ಲಿಗೆ ತಾಗುತ್ತೆ.