400 ಹುಡುಗರಿಗೆ ಕೊಟ್ಟ ವಿನಾಯಿತಿ: ಇಸ್ರೇಲಿನ ಯೆಶಿವಾ ಮತ್ತು ಸೈನ್ಯದ ಕಥೆ

ಇಸ್ರೇಲಿನಲ್ಲಿ 18 ತುಂಬಿದ ಯೆಹೂದಿ ಹುಡುಗ, ಹುಡುಗಿಯರು ಸೈನ್ಯಕ್ಕೆ ಸೇರಬೇಕು. ಆದರೆ ಹರೇದಿಗಳೆಂಬ ಕಟ್ಟಾ ಸಂಪ್ರದಾಯಸ್ಥ ಯೆಹೂದಿಗಳಲ್ಲಿ ಹೆಚ್ಚಿನವರು ಸೇರುವುದಿಲ್ಲ. ಈ ವಿಷಯಕ್ಕೆ ಅಲ್ಲಿ ಸರ್ಕಾರಗಳು ಅಲುಗಾಡಿವೆ. ಜೆರುಸಲೇಮ್ ಮತ್ತು ಹರೇದಿಗಳೇ ಹೆಚ್ಚಿರುವ ಬ್ನೇ ಬ್ರಾಕ್ ನಗರದ ರಸ್ತೆಗಳು ಎಷ್ಟೋ ಸಲ ಬಂದ್ ಆಗಿವೆ. ಇವತ್ತಿನ ಸುದ್ದಿಯನ್ನಷ್ಟೇ ಓದಿದರೆ ಇದರ ತಲೆಬುಡ ಗೊತ್ತಾಗುವುದಿಲ್ಲ.

1948ರಲ್ಲಿ ದೇಶ ಹುಟ್ಟಿದಾಗಲೇ ಯುದ್ಧ ನಡೆಯುತ್ತಿತ್ತು. ಯೆಹೂದಿಗಳ ಪವಿತ್ರ ಗ್ರಂಥ ಟೋರಾ, ಧರ್ಮಶಾಸ್ತ್ರದ ಗ್ರಂಥ ತಾಲ್ಮುಡ್ ಕಲಿಸುವ ಪಾಠಶಾಲೆಗಳಿಗೆ ಯೆಶಿವಾ ಎನ್ನುತ್ತಾರೆ. ಯುರೋಪಿನ ದೊಡ್ಡ ಯೆಶಿವಾಗಳನ್ನು ನಾಜಿಗಳು ಆಗಷ್ಟೇ ನಾಶ ಮಾಡಿದ್ದರು. ಉಳಿದ ವಿದ್ಯಾರ್ಥಿಗಳೂ ಯುದ್ಧಕ್ಕೆ ಹೋದರೆ ಓದಿನ ಪರಂಪರೆಯೇ ನಿಂತುಹೋಗುತ್ತದೆ ಎಂದು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಅಳಲು ತೋಡಿಕೊಂಡರು. ಪ್ರಧಾನಿ ಬೆನ್ ಗುರಿಯನ್ ಒಪ್ಪಿ 400 ಜನರಿಗೆ ವಿನಾಯಿತಿ ಕೊಟ್ಟರು. ಆ ಹೊತ್ತಿಗೆ ಅದು ಕರುಣೆಯ ನಿರ್ಧಾರವೇ. 1968ರಲ್ಲಿ ಮಿತಿ ವರ್ಷಕ್ಕೆ 800 ಆಯಿತು. 1977ರಲ್ಲಿ ಹರೇದಿ ಪಕ್ಷವೊಂದು ಸರ್ಕಾರಕ್ಕೆ ಕೈಜೋಡಿಸಿದಾಗ ಮಿತಿಯೇ ಹೋಯಿತು. 1990ರ ದಶಕದ ಕೊನೆಗೆ ವಿನಾಯಿತಿ ಪಡೆದವರ ಸಂಖ್ಯೆ 28,000 ದಾಟಿತ್ತು.

ಇದು ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನ ಜಗಳ ಅಂತ ಸುಮ್ನೆ ಹೇಳಿಬಿಡುವುದು ತಪ್ಪು. ಟೋರಾ ಓದುವುದೇ ಜನಾಂಗವನ್ನು ಕಾಯುತ್ತದೆ ಎಂದು ಹರೇದಿಗಳು ಮನಸಾರೆ ನಂಬುತ್ತಾರೆ. ಲೇವಿ ಕುಲದವರು ಯುದ್ಧ ಬಿಟ್ಟು ದೇವರ ಸೇವೆಗೆ ನಿಂತವರು ಎಂದು 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಬರೆದದ್ದನ್ನು ಎತ್ತಿ ತೋರಿಸುತ್ತಾರೆ. ಇನ್ನೊಂದು ಕಡೆ, ಅಷ್ಟೇ ಶ್ರದ್ಧೆಯ, ಆದರೆ ಯೆಹೂದಿ ದೇಶ ಕಟ್ಟುವುದೂ ಧರ್ಮವೇ ಎನ್ನುವ ಧಾರ್ಮಿಕ ಜಿಯೋನಿಸ್ಟ್ ಯುವಕರು ಯೆಶಿವಾದಲ್ಲಿ ಓದುತ್ತಲೇ ಸೈನ್ಯದಲ್ಲೂ ದುಡಿಯುತ್ತಾರೆ. ಅವರು ಟೋರಾದಲ್ಲೇ ಇರುವ ಪ್ರವಾದಿ ಮೋಶೆಯ ಪ್ರಶ್ನೆಯನ್ನು ಕೇಳುತ್ತಾರೆ: ನಿಮ್ಮ ಅಣ್ಣತಮ್ಮಂದಿರು ಯುದ್ಧಕ್ಕೆ ಹೋದಾಗ ನೀವು ಇಲ್ಲೇ ಕೂತಿರುತ್ತೀರಾ?

1998ರಲ್ಲಿ ಸುಪ್ರೀಂ ಕೋರ್ಟ್, ಇಷ್ಟು ದೊಡ್ಡ ವಿನಾಯಿತಿಯನ್ನು ರಕ್ಷಣಾ ಮಂತ್ರಿ ತಮ್ಮಷ್ಟಕ್ಕೆ ಕೊಡುವಂತಿಲ್ಲ, ಸಂಸತ್ತು ಕಾನೂನು ಮಾಡಬೇಕು ಎಂದಿತು. ನಿವೃತ್ತ ನ್ಯಾಯಮೂರ್ತಿ ತ್ಸ್ವಿ ತಾಲ್ ಅವರ ಸಮಿತಿ ಕೂತು, 2002ರಲ್ಲಿ ತಾಲ್ ಕಾನೂನು ಬಂತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಮುಖ್ಯ ಘಟ್ಟ ಇದೇ. ಯಾಕೆಂದರೆ ಅದು ನಿಜವಾದ ತೊಡಕಿಗೆ ಕೈಹಾಕಿತ್ತು. ವಿನಾಯಿತಿಗೆ ಇದ್ದ ಷರತ್ತು 'ಟೋರಾ ಓದುವುದೇ ಇವನ ವೃತ್ತಿ' ಎಂದು. ಅಂದರೆ ಸಂಬಳದ ಕೆಲಸಕ್ಕೆ ಹೋದರೆ ಸೈನ್ಯದ ಕರೆ ಬರುತ್ತದೆ. ಓದಿನಲ್ಲಿ ಆಸಕ್ತಿ ಇಲ್ಲದವನೂ ಹೆಸರಿಗೆ ಯೆಶಿವಾದಲ್ಲೇ ಉಳಿಯಬೇಕು. ಅಷ್ಟರಲ್ಲಿ ಮದುವೆಯಾಗಿ ಮಕ್ಕಳೂ ಆಗಿರುತ್ತವೆ. ಸಂಸಾರ ನಡೆಯುವುದು ಹೆಂಡತಿಯ ದುಡಿಮೆ ಮತ್ತು ಸಣ್ಣ ಭತ್ಯೆಯಲ್ಲಿ. ಇದು ಆ ಹುಡುಗರಿಗೂ ಅನ್ಯಾಯವೇ ಅಲ್ವಾ?

ತಾಲ್ ಕಾನೂನು 22 ವರ್ಷದವರಿಗೆ ಒಂದು 'ನಿರ್ಧಾರದ ವರ್ಷ' ಕೊಟ್ಟಿತು. ಆ ವರ್ಷ ಹೊರಗೆ ಬಂದು ದುಡಿಯಬಹುದು. ಆಮೇಲೆ ಓದಿಗೆ ಮರಳಬಹುದು, ಇಲ್ಲವೇ ಕಡಿಮೆ ಅವಧಿಯ ಸೈನಿಕ ಸೇವೆ ಅಥವಾ ಒಂದು ವರ್ಷದ ನಾಗರಿಕ ಸೇವೆ ಆರಿಸಿಕೊಳ್ಳಬಹುದು. ಯೋಚನೆ ಒಳ್ಳೆಯದೇ. ಆದರೆ ನಾಗರಿಕ ಸೇವೆಯ ವ್ಯವಸ್ಥೆ ಕಟ್ಟಲು ವರ್ಷಗಳೇ ಹಿಡಿದವು. 2005ರ ಹೊತ್ತಿಗೆ ವಿನಾಯಿತಿ ಪಡೆದ ಸುಮಾರು 41,000 ಜನರಲ್ಲಿ ನಿರ್ಧಾರದ ವರ್ಷ ತೆಗೆದುಕೊಂಡವರು ಸಾವಿರದ ಚಿಲ್ಲರೆ ಮಾತ್ರ. ಐದು ವರ್ಷಕ್ಕೆಂದು ಬಂದ ಕಾನೂನನ್ನು 2007ರಲ್ಲಿ ಮತ್ತೆ ಐದು ವರ್ಷ ಎಳೆದರು. ಇದರಲ್ಲಿ ಸಮಾನತೆ ಇಲ್ಲ ಎಂದು 2012ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಹತ್ತು ವರ್ಷದ ಅವಕಾಶ ಹೀಗೆ ಕೈಜಾರಿತು.

2014ರಲ್ಲಿ ಇನ್ನೊಂದು ಕಾನೂನು ಬಂತು. 2015ರಲ್ಲಿ ಅದನ್ನು ಸಡಿಲ ಮಾಡಿದರು, 2017ರಲ್ಲಿ ಕೋರ್ಟ್ ರದ್ದು ಮಾಡಿತು. ಆಮೇಲೆಲ್ಲ ಗಡುವು ಮುಂದೆ ಹಾಕಿದ್ದೇ ಜಾಸ್ತಿ. ಕೊನೆಯ ಗಡುವು 2023ರ ಜೂನ್‌ನಲ್ಲಿ ಮುಗಿಯಿತು.

ಅದಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಅಕ್ಟೋಬರ್ 7ರ ಹಮಾಸ್ ದಾಳಿ ನಡೆಯಿತು, ಗಾಜಾ ಯುದ್ಧ ಶುರುವಾಯಿತು. ಮೀಸಲು ಪಡೆಯವರು ಕೆಲಸ, ಅಂಗಡಿ, ಎಳೆ ಮಕ್ಕಳನ್ನು ಬಿಟ್ಟು ಮತ್ತೆ ಮತ್ತೆ ಹೋಗಬೇಕಾಯಿತು. ಅದುವರೆಗೆ ಸುಮ್ಮನಿದ್ದ ಮನೆಗಳಲ್ಲೂ ಸಿಟ್ಟು ಬಂತು. ಅವರ ಸಿಟ್ಟು ನ್ಯಾಯವಾದದ್ದೇ. 2024ರ ಜೂನ್ 25ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ವಿನಾಯಿತಿಗೆ ಈಗ ಕಾನೂನಿನ ಆಧಾರವೇ ಇಲ್ಲ. ಆಗ ಲೆಕ್ಕದಲ್ಲಿದ್ದವರು ಸುಮಾರು 63,000 ವಿದ್ಯಾರ್ಥಿಗಳು.

ನಂತರ ಸೈನ್ಯ ಸಾವಿರಾರು ಕರೆಪತ್ರ ಕಳಿಸಿತು, ಬಂದವರು ಕಡಿಮೆ. ಹರೇದಿಗಳಿಗೆಂದೇ ಹಶ್ಮೊನಾಯಿಮ್ ಬ್ರಿಗೇಡ್ ಶುರುವಾಯಿತು. ಅಲ್ಲಿ ಪ್ರಾರ್ಥನೆಗೆ ಸಮಯವಿದೆ, ಊಟದಲ್ಲಿ ಕಟ್ಟುನಿಟ್ಟಾದ ಮಡಿಯಿದೆ. ಆದರೂ ಹಲವು ರಬ್ಬಿಗಳು ಒಪ್ಪಿಲ್ಲ. ಸೈನ್ಯಕ್ಕೆ ಹೋದ ಹುಡುಗ ಧರ್ಮದಿಂದ ದೂರವಾಗುತ್ತಾನೆ ಎಂಬುದು ಅವರ ಭಯ. ಆ ಭಯವನ್ನು ನೆಪ ಎಂದು ತಳ್ಳಿಹಾಕಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. 2025ರ ಜುಲೈನಲ್ಲಿ ವಿನಾಯಿತಿ ಕಾನೂನು ಬರಲಿಲ್ಲವೆಂದು ಹರೇದಿ ಪಕ್ಷಗಳು ಸರ್ಕಾರದ ಸ್ಥಾನಗಳನ್ನು ಬಿಟ್ಟವು. ಇನ್ನು ಬರುವ ಯಾವುದೇ ಮಸೂದೆಯಲ್ಲಿ ನಾನು ಮೊದಲು ಹುಡುಕುವುದು ಒಂದನ್ನೇ: ಹೆಸರಿಗಷ್ಟೇ ಯೆಶಿವಾದಲ್ಲಿರುವ, ದುಡಿಯಲು ಮನಸ್ಸಿರುವ 20ರ ಹುಡುಗನಿಗೆ ಅದು ಯಾವ ದಾರಿ ತೋರಿಸುತ್ತದೆ ಎಂದು.