ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಬರೋದು ಪಬ್‌ನಲ್ಲಿ ಯಾಕೆ ಕೆಡುತ್ತೆ?

ಪ್ರಶ್ನೆ: ನಾವು ಐದು ಜನ, ಎಲ್ಲರೂ ಬೇರೆ ಬೇರೆ ಕೆಲಸದಲ್ಲಿರೋರು. ಭಾನುವಾರ ಮೈಸೂರಿನ ಕುವೆಂಪುನಗರದ ಒಂದು ಮಹಡಿ ರೂಮಿನಲ್ಲಿ ಪ್ರಾಕ್ಟೀಸ್ ಮಾಡ್ತೀವಿ, ಅಲ್ಲಿ ಹಾಡುಗಳು ಚೆನ್ನಾಗೇ ಬರುತ್ವೆ. ಪಬ್‌ಗೆ ಹೋದರೆ ಹಾಡುವವಳ ದನಿ ಕೇಳಲ್ಲ, ಮೈಕು ಕುಂಯ್ ಅನ್ನುತ್ತೆ, ಎರಡನೇ ಸೆಟ್ ಹೊತ್ತಿಗೆ ಬರೀ ಗದ್ದಲ. ದುಡ್ಡು ಹಾಕಿ ದೊಡ್ಡ ಸ್ಪೀಕರ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ಹೋಗಲ್ಲ. ದುಡ್ಡು ಜೇಬಿನಲ್ಲೇ ಇರಲಿ. 500 ವಾಟ್‌ನ ಸ್ಪೀಕರ್ ಬದಲು 1000 ವಾಟ್‌ನದ್ದು ತಂದರೂ ಸಿಗುವ ಹೆಚ್ಚುವರಿ ಸದ್ದು 3 ಡೆಸಿಬೆಲ್ ಅಷ್ಟೆ, ಕಿವಿಗೆ ಅದು ತುಸು ಜಾಸ್ತಿ ಅನ್ನಿಸಿದರೆ ಹೆಚ್ಚು. ಅದೇ ಹಾಡುವವರು ಮೈಕನ್ನು ಬಾಯಿಂದ 20 ಸೆಂಟಿಮೀಟರ್ ದೂರ ಹಿಡಿಯುವುದು ಬಿಟ್ಟು 5 ಸೆಂಟಿಮೀಟರ್‌ಗೆ ತಂದರೆ ಸುಮಾರು 12 ಡೆಸಿಬೆಲ್ ಬಿಟ್ಟಿಯಾಗಿ ಸಿಗುತ್ತದೆ. ಪಬ್ ಬ್ಯಾಂಡಿನ ತೊಂದರೆ ಸದ್ದು ಸಾಲದ್ದಲ್ಲ, ದನಿಯ ಮೇಲೆ ಬೇರೆಲ್ಲ ವಾದ್ಯ ಹತ್ತಿ ಕೂರುವುದು.

ಹೀಗಾಗಲು ಕಾರಣ ಡ್ರಮ್. ಅದಕ್ಕೆ ವಾಲ್ಯೂಮ್ ತಿರುಪು ಇಲ್ಲ. ಗಾಜಿನ ಗೋಡೆ, ಗ್ರಾನೈಟ್ ನೆಲ, ಬರೀ ಕಾಂಕ್ರೀಟ್ ಚಾವಣಿಯ ಸಣ್ಣ ಹಾಲ್‌ನಲ್ಲಿ ಸ್ನೇರ್ (ಕಿಟ್‌ನ ಚುರುಕು ದನಿಯ ಚಿಕ್ಕ ಡ್ರಮ್) ಮೇಲೆ ಕೋಲಿನಿಂದ ಹೊಡೆದರೆ ಹತ್ತಿರ ನಿಂತವರಿಗೆ 100 ಡೆಸಿಬೆಲ್ ದಾಟುವುದು ಮಾಮೂಲು. ಗಿಟಾರಿನವರು ಅದಕ್ಕೆ ಸರಿಗಟ್ಟಲು ಆಂಪ್ (ವಾದ್ಯದ ಸದ್ದು ಹಿಗ್ಗಿಸುವ ಪೆಟ್ಟಿಗೆ) ಏರಿಸುತ್ತಾರೆ, ಬೇಸ್‌ನವರು ಗಿಟಾರಿಗೆ ಸರಿಗಟ್ಟಲು, ಕೀಬೋರ್ಡ್‌ನವರು ಇಬ್ಬರಿಗೂ. ದನಿಯೊಂದೇ ಹೀಗೆ ಏರಿಸಲಾಗದ್ದು. ಯಾಕೆಂದರೆ ಸ್ಪೀಕರಿನಿಂದ ಹೊರಟ ದನಿ ತಿರುಗಿ ಅದೇ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಸುತ್ತು ಹಾಕತೊಡಗಿದ ಕ್ಷಣ ಕುಂಯ್ ಎನ್ನುತ್ತದೆ. ಆ ಗೆರೆಯೇ ನಿಮ್ಮ ಮಿತಿ. ನಿಮ್ಮ ಮಹಡಿ ರೂಮಿನಲ್ಲಿ ಹಾಸಿಗೆ, ಪರದೆ, ಬಟ್ಟೆ ಬೀರು ಸದ್ದನ್ನು ಕುಡಿಯುತ್ತವೆ. ಎಲ್ಲರೂ ಒಬ್ಬರಿಗೊಬ್ಬರು ಎದುರಾಗಿ ಎರಡು ಮೀಟರಿನೊಳಗೆ ಕೂತಿರುತ್ತೀರಿ, ಹಾಗಾಗಿ ಅಲ್ಲಿ ಆ ಗೆರೆ ತಗುಲುವುದೇ ಇಲ್ಲ.

ಆದ್ದರಿಂದ ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮೊದಲು ಸದ್ದು ಹೊಂದಿಸಿಕೊಳ್ಳುವುದನ್ನು, ಉಲ್ಟಾ ಮಾಡಿ. ಬಹಳ ಜನ ಡ್ರಮ್‌ನಿಂದ ಶುರು ಮಾಡುತ್ತಾರೆ, ದೊಡ್ಡ ಮೈದಾನಕ್ಕೆ ಅದು ಸರಿ. ಪಬ್‌ನಲ್ಲಿ ಮೊದಲು ದನಿ. ಮಿಕ್ಸರ್‌ನಲ್ಲಿ ಹಾಡುವವರ ಚಾನೆಲ್ ಒಂದನ್ನೇ ತೆರೆದು, ಕುಂಯ್ ಎನ್ನುವ ಅಂಚಿನವರೆಗೆ ಏರಿಸಿ. ಮೊದಲು ಕೂಗಿದ ಫ್ರೀಕ್ವೆನ್ಸಿಯನ್ನು ಈಕ್ವಲೈಜರ್‌ನಲ್ಲಿ (ಒಂದೊಂದು ಫ್ರೀಕ್ವೆನ್ಸಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ತಿರುಪುಗಳು) 3ರಿಂದ 6 ಡೆಸಿಬೆಲ್ ಕತ್ತರಿಸಿ, ಮತ್ತೆ ಏರಿಸಿ, ಮುಂದಿನದ್ದನ್ನು ಕತ್ತರಿಸಿ. ಚುಚ್ಚುವಂಥ ಕೀರಲು ಸಾಮಾನ್ಯವಾಗಿ 2,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ, ಮಡಕೆಯೊಳಗಿಂದ ಬಂದಂಥ ಊಂ ಸದ್ದು 200ರಿಂದ 400ರ ನಡುವೆ. ಮೂರೋ ನಾಲ್ಕೋ ಕಡೆ ಕತ್ತರಿಸಿದ ಮೇಲೆ ನಿಲ್ಲಿಸಿ, ಮುಂದುವರಿಸಿದರೆ ದನಿಯಲ್ಲಿ ಜೀವ ಉಳಿಯಲ್ಲ. ಈಗ ಇಡೀ ಮಟ್ಟವನ್ನು 5 ಡೆಸಿಬೆಲ್‌ನಷ್ಟು ಇಳಿಸಿ. ಸಿಕ್ಕಿದ್ದೇ ನಿಮ್ಮ ದನಿಯ ಮಟ್ಟ. ಡ್ರಮ್, ಗಿಟಾರ್, ಬೇಸ್ ಎಲ್ಲವೂ ಅದರ ಕೆಳಗೆ ಕೂರಬೇಕು. ಡ್ರಮ್‌ನವರಿಗೆ ಬೇಜಾರಾಗುತ್ತದೆ, ಆಗಲಿ.

ಡ್ರಮ್ ತಗ್ಗಿಸಲು ದಾರಿಗಳಿವೆ. ಬಿದಿರು ಕಡ್ಡಿಗಳ ಕಟ್ಟಿನಂತಿರುವ ರಾಡ್‌ಗಳು ಕೋಲಿಗಿಂತ ಮೆತ್ತಗಿನ ಸದ್ದು ಕೊಡುತ್ತವೆ, ಬ್ರಷ್ ಇನ್ನೂ ಕಡಿಮೆ. ಸ್ನೇರ್ ಚರ್ಮದ ಅಂಚಿಗೆ ಟಿಷ್ಯೂ ಮಡಚಿ ಟೇಪ್ ಹಾಕಿದರೆ ಅನುರಣನ ಇಳಿಯುತ್ತದೆ. ನಲವತ್ತು ಜನ ಕೂರುವ ಜಾಗಕ್ಕೆ ಪೂರ್ತಿ ಕಿಟ್ ಬೇಕೇ ಇಲ್ಲ, ಒಂದು ಕಹೋನ್ (ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ) ಮತ್ತು ಒಂದು ಸಿಂಬಲ್ ಧಾರಾಳ ಸಾಕು. ಆಟೋದಲ್ಲೂ ಹಿಡಿಯುತ್ತದೆ. ಢೋಲಕ್ ಅಥವಾ ತಬಲಾ ಇದ್ದರೆ ಬೇರೆಯದೇ ತಕರಾರು. ಕೆಳಗೆ ಕೂತು ನುಡಿಸುವಾಗ ಅದರ ಮೈಕು ಮಾನಿಟರಿನ (ತಂಡದವರಿಗೇ ಕೇಳಿಸಲು ನೆಲದ ಮೇಲಿಡುವ ಸ್ಪೀಕರ್) ಮಟ್ಟಕ್ಕೇ ಬರುತ್ತದೆ, ತಬಲಾದ ಹೊಟ್ಟೆಯೂ ಅದಕ್ಕೆ ದನಿಗೂಡಿಸುತ್ತದೆ. ಆ ಕಡೆ ಮಾನಿಟರ್ ಇಡಬೇಡಿ.

ಮೈಕು ಎಲ್ಲಿಗೆ ಕಿವುಡು ಅಂತ ತಿಳಿದಿರಬೇಕು. ಪಬ್‌ಗಳಲ್ಲಿ ಸಿಗುವ ಶೂರ್ ಎಸ್‌ಎಂ58 ಕಾರ್ಡಿಯಾಯ್ಡ್ (ಮುಂದಿನದನ್ನೇ ಹೆಚ್ಚು ಕೇಳುವ) ಮಾದರಿಯದ್ದು, ಅದಕ್ಕೆ ಸರಿಯಾಗಿ ಹಿಂಭಾಗದಿಂದ ಬಂದದ್ದು ಬಹುತೇಕ ಕೇಳಿಸುವುದಿಲ್ಲ. ಅಂದರೆ ಮಾನಿಟರನ್ನು ಹಾಡುವವರ ಎದುರಿಗೆ, ಮೈಕಿನ ಬಾಲ ತೋರುವ ಕಡೆ ಇಡಬೇಕು. ಇನ್ನೂ ಕಿರಿದಾಗಿ ಕೇಳುವ ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ಹಿಂಭಾಗದಲ್ಲಿ ಒಂದಿಷ್ಟು ಕೇಳಿಸುತ್ತದೆ, ಅದರ ಕಿವುಡು ಕೋನ ಮುಂಭಾಗದಿಂದ ಎಣಿಸಿ ಎರಡೂ ಪಕ್ಕಕ್ಕೆ ಸುಮಾರು 125 ಡಿಗ್ರಿಯಲ್ಲಿದೆ. ಅದಕ್ಕೆ ಮಾನಿಟರನ್ನು ಸ್ವಲ್ಪ ಓರೆಗೆ ಸರಿಸಬೇಕು. ಟಿವಿ ರಿಯಾಲಿಟಿ ಶೋ ನೋಡಿ ಕಲಿತ ಒಂದು ಚಟವೂ ಬಿಡಿ: ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವುದು. ಹಿಂದಿನ ಕಿಂಡಿಗಳು ಮುಚ್ಚಿಹೋದರೆ ಮೈಕು ಎಲ್ಲ ದಿಕ್ಕಿನದನ್ನೂ ಕೇಳತೊಡಗುತ್ತದೆ, ಮರುಕ್ಷಣ ಕುಂಯ್. ಬಳಸದ ಮೈಕುಗಳನ್ನು ಮ್ಯೂಟ್ ಮಾಡಿ. ತೆರೆದ ಮೈಕು ಎರಡಿದ್ದದ್ದು ನಾಲ್ಕಾದರೆ 3 ಡೆಸಿಬೆಲ್ ಕೈಬಿಡುತ್ತದೆ, ಮೇಲೆ ಹೇಳಿದ ದೊಡ್ಡ ಸ್ಪೀಕರಿನ ದುಡ್ಡೆಲ್ಲ ಅಲ್ಲೇ ಹೋಯಿತು.

ಮುಖ್ಯ ಸ್ಪೀಕರ್‌ಗಳು ಮೈಕುಗಳಿಗಿಂತ ಮುಂದೆ ಇರಲಿ, ಸ್ಟ್ಯಾಂಡ್ ಮೇಲೆ, ಕೂತವರ ತಲೆ ಮೀರಿ ಹೋಗುವಂತೆ. ಹಿಂದೆ ಇಟ್ಟರೆ ನಮಗೂ ಕೇಳಿಸುತ್ತದಲ್ಲ ಅಂತ ಆಸೆಯಾಗುತ್ತದೆ, ಆ ಆಸೆಯೇ ಕೂಗಾಟಕ್ಕೆ ಮೂಲ. ಮಾಲೀಕರು ನಿಮ್ಮನ್ನು ಮೂಲೆಗೆ, ದೊಡ್ಡ ಟಿವಿಯ ಕೆಳಗೆ ತಳ್ಳುವುದು ಖಂಡಿತ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ, ಆಂಪ್‌ನ ಬೇಸ್ ತಿರುಪನ್ನು ಮನೆಯಲ್ಲಿದ್ದದ್ದಕ್ಕಿಂತ ತಗ್ಗಿಸಿ. ಎಲ್ಲ ಮೈಕು ಚಾನೆಲ್‌ಗಳಿಗೂ 80 ಅಥವಾ 100 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುವ ಗುಂಡಿ) ಒತ್ತಿಬಿಡಿ.

ಗಿಟಾರ್ ಆಂಪ್ ಬಗ್ಗೆ ಒಂದು ಮಾತು, ಇದರಿಂದ ತಂಡಗಳೇ ಒಡೆದಿವೆ. ಆಂಪ್ ನೆಲದ ಮೇಲಿರುತ್ತದೆ, ನುಡಿಸುವವರ ಕಿವಿ ಐದಡಿ ಮೇಲೆ. ಹನ್ನೆರಡು ಇಂಚಿನ ಸ್ಪೀಕರಿನ ತಾರಕ ಸದ್ದು ಟಾರ್ಚಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ. ನುಡಿಸುವವರ ಕಿವಿಗೆ ಮಂಕು, ಅದಕ್ಕೆ ಟ್ರೆಬಲ್ ಏರಿಸುತ್ತಾರೆ. ಎದುರು ಟೇಬಲ್‌ನವರ ಕಿವಿ ಹರಿಯುತ್ತದೆ. ಖಾಲಿ ಬಿಯರ್ ಕ್ರೇಟ್ ಮೇಲೆ ಆಂಪ್ ಇಟ್ಟು ಮುಖ ಮೇಲಕ್ಕೆ ವಾಲಿಸಿ. ಐದೇ ನಿಮಿಷದಲ್ಲಿ ಅವರೇ ವಾಲ್ಯೂಮ್ ಇಳಿಸುತ್ತಾರೆ, ಯಾರೂ ಜಗಳ ಆಡಬೇಕಿಲ್ಲ.

ಎರಡನೇ ಸೆಟ್ ಯಾಕೆ ಗದ್ದಲವಾಗುತ್ತದೆ? ಮುಕ್ಕಾಲು ಗಂಟೆ ಜೋರು ಸದ್ದಿನಲ್ಲಿದ್ದರೆ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಎಲ್ಲರಿಗೂ ತಮ್ಮ ವಾದ್ಯ ಕಡಿಮೆ ಕೇಳಿಸಿ, ಎಲ್ಲರೂ ಚೂರು ಚೂರು ಏರಿಸುತ್ತಾರೆ. ಸೌಂಡ್ ಚೆಕ್ ಮುಗಿದ ಕೂಡಲೇ ಪ್ರತಿ ತಿರುಪಿನ ಪಕ್ಕ ಬಿಳಿ ಟೇಪ್ ಅಂಟಿಸಿ ಗೆರೆ ಎಳೆಯಿರಿ. ಆ ಗೆರೆ ದಾಟಬೇಕೆಂದರೆ ಒಬ್ಬರ ಒಪ್ಪಿಗೆ ಬೇಕು, ಯಾರದು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ. ಕಿವಿಯ ಲೆಕ್ಕವೂ ಇದೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಅಳತೆಯಲ್ಲಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಡ್ರಮ್ ಪಕ್ಕ ನಿಲ್ಲುವವರು ಸಂಗೀತಗಾರರ ಇಯರ್‌ಪ್ಲಗ್ ಹಾಕಲಿ, ಹತ್ತಿ ತುರುಕಿದರೆ ತಾರಕ ಮಾತ್ರ ಸತ್ತು ಬೇಸ್ ಹಾಗೇ ಬರುತ್ತದೆ.

ಇನ್ನು ಕರೆಂಟ್. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಮಿಕ್ಸರ್, ಆಂಪ್, ಕೀಬೋರ್ಡ್ ಎಲ್ಲಕ್ಕೂ ಒಂದೇ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆಯಿರಿ, ಮುಕ್ಕಾಲುವಾಸಿ ಅಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಅದಾಗದಿದ್ದರೆ ಡಿಐ ಬಾಕ್ಸ್‌ನ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್‌ನ ದಪ್ಪ ಪಿನ್ (ಅರ್ತ್) ಮುರಿಯುವುದು ಅಥವಾ ಎರಡು ಪಿನ್ ಅಡಾಪ್ಟರ್ ಹಾಕುವುದು ಮಾತ್ರ ಬೇಡವೇ ಬೇಡ. ಕೈಯಲ್ಲಿ ತಂತಿ, ತುಟಿಗೆ ಮೈಕು ತಾಗಿದಾಗ ಅರ್ತ್ ಸರಿಯಿಲ್ಲದಿದ್ದರೆ ಶಾಕ್ ಹೊಡೆಯುವುದು ಹೃದಯದ ಮೂಲಕವೇ. ಹಾಡುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ ತಾಗಿಸಿ. ಸೊನ್ನೆಯ ಆಸುಪಾಸು ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ನುಡಿಸಬೇಡಿ, ಎಷ್ಟೇ ಜನ ಕಾದಿರಲಿ.

ಎಸಿ ನೇರ ಬೀಸುವ ಜಾಗದಲ್ಲಿ ಗಿಟಾರ್ ಸ್ಟ್ಯಾಂಡ್ ಇಡಬೇಡಿ, ತಂತಿ ತಣ್ಣಗಾಗಿ ಬಿಗಿದು ಶ್ರುತಿ ಏರುತ್ತದೆ. ತಂತಿ ಬದಲಿಸುವುದಿದ್ದರೆ ಎರಡು ದಿನ ಮೊದಲು. ಅಕೂಸ್ಟಿಕ್ ಗಿಟಾರಿನ 9 ವೋಲ್ಟ್ ಬ್ಯಾಟರಿ ಜಾಕ್ ಚುಚ್ಚಿದ ಕೂಡಲೇ ಕರಗತೊಡಗುತ್ತದೆ, ಬಿಡುವಿನಲ್ಲಿ ಜಾಕ್ ತೆಗೆಯಿರಿ. ಹಾಡುವವರು ಮೂರು ಸೆಟ್ ಎಳೆಯಬೇಕಾದರೆ ಶ್ರುತಿಯನ್ನು ಅರ್ಧ ಅಥವಾ ಒಂದು ಮನೆ ಇಳಿಸಿಯೇ ಪ್ರಾಕ್ಟೀಸ್ ಮಾಡಿ. 45 ನಿಮಿಷಕ್ಕೆ ಹತ್ತು ಹಾಡು ಸಾಕು. ಗಂಟಲಿಗೆ ಕಷ್ಟದ್ದನ್ನು ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಇಡಿ, ಕೊನೆಗಲ್ಲ.

ತಾರಸಿ ಪಬ್‌ಗಳದ್ದು ಪ್ರತ್ಯೇಕ ಕಥೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದಂಥ ಜಾಗಗಳ ಒಳಗೆ ಬಿಟ್ಟರೆ ಧ್ವನಿವರ್ಧಕ ಬಳಸುವಂತಿಲ್ಲ. ವಾಣಿಜ್ಯ ಪ್ರದೇಶದ ಮಿತಿ ಹಗಲು 65, ರಾತ್ರಿ 55 ಡೆಸಿಬೆಲ್, ವಸತಿ ಪ್ರದೇಶದ್ದು 55 ಮತ್ತು 45. ತೆರೆದ ತಾರಸಿಯನ್ನು ಮುಚ್ಚಿದ ಜಾಗ ಅನ್ನಲಾಗದು. ಮೈಸೂರಿನಲ್ಲಿ ಹೋಟೆಲ್ ಹಿಂದಿನ ಬೀದಿಯೇ ಮನೆಗಳ ಬೀದಿಯಾಗಿರುವುದು ಎಷ್ಟೋ ಕಡೆ. ಒಂದು ಫೋನಿಗೆ ಪೊಲೀಸ್ ಬರುತ್ತಾರೆ, ಮಾಲೀಕರು ನಿಮ್ಮತ್ತ ಬೆರಳು ತೋರಿಸುತ್ತಾರೆ. ತಾರಸಿಯಾದರೆ 7ಕ್ಕೆ ಶುರು ಮಾಡಿ 9:45ಕ್ಕೆ ಮುಗಿಸುವಂತೆ ಒಪ್ಪಂದ ಮಾಡಿಕೊಳ್ಳಿ, 8:30ಕ್ಕೆ ಜನ ಬರಲಿ ಎಂದು ಕಾಯುವ ಮಾಲೀಕರಿಗೆ ಇದನ್ನು ಮೊದಲೇ ಹೇಳಿ. ಮಳೆ ಬಂದರೆ ಏನು ಅನ್ನುವುದನ್ನೂ ಬರೆಸಿಕೊಳ್ಳಿ. ದಸರಾ ವಾರದಲ್ಲಿ ಅರಮನೆ ಸುತ್ತಿನ ರಸ್ತೆಗಳ ಸಂಚಾರ ಬದಲಾಗಿರುತ್ತದೆ, ಸಾಮಾನು ಮಧ್ಯಾಹ್ನವೇ ಸಾಗಿಸಿ. ಗಾಂಧಿ ಜಯಂತಿ ಆ ಆಸುಪಾಸಿನಲ್ಲೇ ಬರುವುದರಿಂದ ಡ್ರೈ ಡೇ ನೋಡಿಕೊಂಡೇ ದಿನಾಂಕ ಒಪ್ಪಿ.

ಹಾಡುಗಳ ಹಕ್ಕಿನ ಪ್ರಶ್ನೆಯೂ ಬರುತ್ತದೆ. ಸಿನಿಮಾ ಹಾಡನ್ನು ವೇದಿಕೆಯಲ್ಲಿ ನುಡಿಸಲು ಐಪಿಆರ್‌ಎಸ್ (ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಬೇಕಾಗುತ್ತದೆ, ಅದನ್ನು ಸಾಮಾನ್ಯವಾಗಿ ಜಾಗದವರು ಪಡೆಯುತ್ತಾರೆ. ಇದೆಯಾ ಅಂತ ಕೇಳಿ.

ದುಡ್ಡು? ಲೆಕ್ಕ ತೋರಿಸಲು ಒಂದು ಅಂಕಿ ಇಟ್ಟುಕೊಳ್ಳೋಣ: ರಾತ್ರಿಗೆ 10,000 ರೂಪಾಯಿ. ಸೌಂಡ್ ಬಾಡಿಗೆ 3,500, ಲಗೇಜ್ ಆಟೋ ಹೋಗಿಬರಲು 1,200, ಪ್ರಾಕ್ಟೀಸ್ ಖರ್ಚು 800, ತಂತಿ ಬ್ಯಾಟರಿ 500 ಹೋದರೆ ಉಳಿದದ್ದು 4,000. ಐವರಿಗೆ ತಲಾ 800. ಮಧ್ಯಾಹ್ನ ನಾಲ್ಕಕ್ಕೆ ಹೊರಟು ರಾತ್ರಿ ಒಂದಕ್ಕೆ ಮನೆ ಸೇರಿದ್ದಕ್ಕೆ. ಇದರಲ್ಲಿ ಹೊಟ್ಟೆ ತುಂಬಲ್ಲ ಅನ್ನುವುದು ಮೊದಲೇ ಎಲ್ಲರಿಗೂ, ಮನೆಯವರಿಗೂ ಗೊತ್ತಿದ್ದರೆ ಒಳ್ಳೆಯದು. ಸೌಂಡ್ ಯಾರದು, ಎಷ್ಟು ಸೆಟ್, ಊಟ ಉಂಟೋ ಇಲ್ಲವೋ, ದುಡ್ಡು ಅದೇ ರಾತ್ರಿಯೋ ಅನ್ನುವುದು ವಾಟ್ಸಾಪ್‌ನಲ್ಲಿ ಬರಹದಲ್ಲಿರಲಿ. "ಮೊದಲ ಸಲ ಫ್ರೀಯಾಗಿ ನುಡಿಸಿ, ಹೆಸರು ಬರುತ್ತೆ" ಅಂದರೆ ಬೇಡ ಅನ್ನಿ. ಫ್ರೀ ತಂಡಕ್ಕೆ ಎರಡನೇ ಸಲವೂ ಅದೇ ರೇಟು.

ಕೇಳುವವರ ವಿಷಯ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡನ್ನೂ ಸಾಕಿದ ಊರು ಇದು, ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಆದರೆ ಶನಿವಾರ ರಾತ್ರಿ ಪಬ್‌ಗೆ ಬಂದವರು ಕಬಾಬಿಗೆ ಬಂದವರು. ಮೊದಲ ಕಾರ್ಯಕ್ರಮಕ್ಕೆ ಸ್ನೇಹಿತರು, ಆಫೀಸಿನವರು ತುಂಬುತ್ತಾರೆ, ಮೂರನೆಯದಕ್ಕೆ ಒಬ್ಬರೂ ಇರಲ್ಲ. ಕ್ರಿಕೆಟ್ ಮ್ಯಾಚ್ ದಿನ ನಿಮ್ಮ ತಲೆಯ ಮೇಲಿನ ಟಿವಿಯನ್ನೇ ನೋಡುತ್ತಾರೆ, ಆ ದಿನ ಒಪ್ಪದಿರುವುದು ವಾಸಿ. ಇಂಗ್ಲಿಷ್ ರಾಕ್ ನಡುವೆ ಯಾರಾದರೂ ಮಾದಪ್ಪನ ಪದ ಕೇಳಿಯೇ ಕೇಳುತ್ತಾರೆ. ಒಂದನ್ನು ಚೆನ್ನಾಗಿ ಕೂರಿಸಿಕೊಂಡಿರಿ, ಇಡೀ ರಾತ್ರಿ ಗೆಲ್ಲುವುದು ಅದೇ. ಮೈಕ್ ಕೇಳಿಕೊಂಡು ಬರುವ ತೇಲುಗಣ್ಣಿನ ಅಣ್ಣಂದಿರಿಗೆ ಇಲ್ಲ ಅನ್ನಬೇಡಿ. ಒಂದು ಹಳೇ ಮೈಕು ಸ್ಟ್ಯಾಂಡಿನಲ್ಲಿರಲಿ, ಮಿಕ್ಸರಿನಲ್ಲಿ ಅದರ ಫೇಡರ್ (ಸದ್ದಿನ ಜಾರುಗುಂಡಿ) ಕೆಳಗೇ ಇರಲಿ. ಅವರು ಹಾಡುತ್ತಾರೆ, ಖುಷಿಯಾಗಿ ಹೋಗುತ್ತಾರೆ.

ಮಾಲೀಕರು ಮತ್ತೆ ಕರೆಯುತ್ತಾರೋ ಇಲ್ಲವೋ ಅಂತ ತಿಳಿಯಲು ಒಬ್ಬರನ್ನು ಗಮನಿಸಿ ಸಾಕು: ನಿಮಗೆ ಹತ್ತಿರದ ಟೇಬಲ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ವೇಟರ್. ಅವರು ಗಿರಾಕಿಯ ಬಾಯಿಗೆ ಕಿವಿ ಕೊಡಲು ಬಗ್ಗುತ್ತಿದ್ದರೆ ನೀವು ಜಾಸ್ತಿ. ಮುಂದಿನ ಹಾಡಿಗೆ ಮೊದಲು ಬೇಸ್ ಮತ್ತು ಗಿಟಾರ್ ಇಬ್ಬರೂ ಒಂದೊಂದು ಗೆರೆ ಇಳಿಸಿ.